ಪದ್ಯದ ನಡುವೆ ‘ಟಪ್’ ಎಂದರೆ: ಕಂಪ್ಯೂಟರಿನಲ್ಲಿ ಸಂಗೀತ ಮಾಡುವವರಿಗೊಂದು ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಸಂಜೆ ಅಕ್ಕನ ಮಗಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕೊಟ್ಟೆಯೊಳಗಿಟ್ಟು, ಮೇಲೊಂದು ಟವೆಲ್ ಸುತ್ತಿ, ಎದೆಗವಚಿಕೊಂಡು ನಮ್ಮ ಮನೆಗೆ ಬಂದಳು. ಶಿರಸಿಯಲ್ಲಿ ಆ ವಾರ ಹನಿ ಕಡಿದಿರಲಿಲ್ಲ. ಅವಳು ಯಕ್ಷಗಾನದ ಭಾಗವತಿಕೆ, ಅಂದರೆ ಪದ್ಯ ಹಾಡುವುದನ್ನು ಕಲಿಯುತ್ತಿದ್ದಾಳೆ. ಯುಎಸ್‌ಬಿ ಮೈಕಿನಲ್ಲಿ ಪದ್ಯ ಹೇಳಿ ಮುದ್ರಿಸಿಕೊಂಡು, ಗೆಳೆಯರು ಕಳಿಸಿದ ಮದ್ದಳೆ, ಚಂಡೆಯನ್ನು ಅದರ ಜೊತೆ ಕೂರಿಸಿ, ತಾಳ ಎಲ್ಲಿ ತಪ್ಪಿತು ಎಂದು ತಾನೇ ಕೇಳಿ ತಿದ್ದಿಕೊಳ್ಳುತ್ತಾಳೆ.

“ಮಾವ, ಮೈಕು ಹಾಳಾಜು. ಎಂತ ಮಾಡಿದ್ರೂ ಟಪ್ ಟಪ್ ಹೇಳದು ಹೋಗ್ತಿಲ್ಲೆ” ಅಂದಳು.

ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ಹೊಸ ಮೈಕು, ಹೊಸ ಆಡಿಯೊ ಇಂಟರ್‌ಫೇಸ್ (ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ತೆಗೆದುಕೊಳ್ಳಿ, ಸಾಧ್ಯವಾದರೆ ಲ್ಯಾಪ್‌ಟಾಪನ್ನೂ ಬದಲಾಯಿಸಿ ಎಂದಿದ್ದರಂತೆ. ಮೈಕು ಹಾಳಾಗಿರಲಿಲ್ಲ, ಲ್ಯಾಪ್‌ಟಾಪಿಗೂ ಏನೂ ಆಗಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ ಸರಿಹೋಯಿತು. ಕಲಿಯುವ ಮಕ್ಕಳು ಈ ‘ಟಪ್’ಗೆ ಹೆದರಿ ಮುದ್ರಿಸುವುದನ್ನೇ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ಅದಕ್ಕಾಗಿ ನಾನು ಹಿಡಿಯುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದೇ ಕ್ರಮದಲ್ಲಿ ನೀವೂ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ, ಆಮೇಲೆ ಮುಂದಿನದು. ನಾಲ್ಕನ್ನು ಒಟ್ಟಿಗೇ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ.

ಏನನ್ನೂ ಮುಟ್ಟುವ ಮೊದಲು

ಸದ್ದು ಬರುವ ಅರ್ಧ ನಿಮಿಷದಷ್ಟು ಭಾಗವನ್ನು ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಮೊಬೈಲಿಗೆ ಹಾಕಿಕೊಂಡು ಕೇಳಿ. ಮೊಬೈಲಿನಲ್ಲಿ ಸ್ವಚ್ಛವಾಗಿ ಕೇಳಿಸಿದರೆ ನಿಮ್ಮ ಸಂಗೀತಕ್ಕೆ ಏನೂ ಆಗಿಲ್ಲ, ನುಡಿಸುವಾಗ ಕಂಪ್ಯೂಟರು ತಡವರಿಸುತ್ತಿದೆ ಅಷ್ಟೆ. ಎಕ್ಸ್‌ಪೋರ್ಟ್ ಮಾಡುವಾಗ ಕಂಪ್ಯೂಟರಿಗೆ ಅವಸರವಿಲ್ಲ, ಒಂದು ನಿಮಿಷದ ಹಾಡಿಗೆ ಎರಡು ನಿಮಿಷ ಬೇಕಾದರೂ ತೆಗೆದುಕೊಂಡು ಲೆಕ್ಕ ಮುಗಿಸುತ್ತದೆ. ನುಡಿಸುವಾಗ ಆ ಪುರುಸೊತ್ತು ಇರುವುದಿಲ್ಲ.

ಮೊಬೈಲಿನಲ್ಲೂ ಅದೇ ಜಾಗದಲ್ಲಿ ಟಪ್ ಎಂದರೆ ಅದು ಫೈಲಿನಲ್ಲೇ ಕೂತಿದೆ. ಮುದ್ರಿಸುವಾಗಲೇ ಬಿದ್ದಿರಬಹುದು, ಎರಡು ತುಂಡು ಜೋಡಿಸಿದ ಕಡೆ ಆಗಿರಬಹುದು, ಇಲ್ಲವೇ ದನಿ ಮಿತಿ ಮೀರಿ ಒಡೆದಿರಬಹುದು.

ಇನ್ನೊಂದು ಗುರುತು ಸದ್ದಿನ ನಡವಳಿಕೆ. ಹೊತ್ತುಗೊತ್ತಿಲ್ಲದೆ ಅಲ್ಲಲ್ಲಿ ಟಪ್ ಎನ್ನುವುದು ಕಂಪ್ಯೂಟರಿನ ತಡವರಿಕೆ. ಗಡಿಯಾರ ಇಟ್ಟು ಅಳೆದ ಹಾಗೆ ಇಂತಿಷ್ಟು ಹೊತ್ತಿಗೊಮ್ಮೆ ಬಂದರೆ ಎರಡು ಸಾಧನಗಳ ಗಡಿಯಾರ ಕೂಡುತ್ತಿಲ್ಲ ಎಂದು ಮೊದಲು ಸಂಶಯಪಡಿ. ಚಂಡೆಯ ಪೆಟ್ಟು ಜೋರಾದಾಗ ಮಾತ್ರ ಚರ್ ಎಂದರೆ ಮುದ್ರಣದ ಮಟ್ಟ ಹೆಚ್ಚಾಗಿದೆ. ತಂತಿ ಅಲುಗಿದಾಗ ಕರಕರ ಎಂದರೆ ಜ್ಯಾಕು ಕೊಳೆಯಾಗಿದೆ. ಬಿಡದೆ ಗುಂಯ್ ಎನ್ನುವುದು ಕರೆಂಟಿನ ಸದ್ದು.

ಬಫರ್ ಎಂಬ ಸಾರಿನ ಪಾತ್ರೆ

ಕಂಪ್ಯೂಟರು ದನಿಯನ್ನು ನೀರಿನ ಧಾರೆಯ ಹಾಗೆ ಬಿಡುವುದಿಲ್ಲ, ಕಂತು ಕಂತಾಗಿ ಲೆಕ್ಕ ಹಾಕಿ ಕೊಡುತ್ತದೆ. 48,000 ಸ್ಯಾಂಪಲ್ ರೇಟ್ ಎಂದರೆ ಸೆಕೆಂಡಿಗೆ 48,000 ಚುಕ್ಕಿಗಳು. ಬಫರನ್ನು 256ಕ್ಕೆ ಇಟ್ಟರೆ ಒಂದು ಕಂತಿಗೆ 256 ಚುಕ್ಕಿ, ಅಂದರೆ ಸುಮಾರು 5.3 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲ ಟ್ರ್ಯಾಕುಗಳ, ಎಲ್ಲ ಪ್ಲಗಿನ್ನುಗಳ (ದನಿ ತಿದ್ದುವ ಪುಟ್ಟ ತಂತ್ರಾಂಶಗಳ) ಲೆಕ್ಕ ಮುಗಿದು ಮುಂದಿನ ಕಂತು ತಯಾರಿರಬೇಕು. ಒಂದೇ ಒಂದು ಕಂತು ತಡವಾದರೂ ಸ್ಪೀಕರಿಗೆ ನುಡಿಸಲು ಏನೂ ಇರುವುದಿಲ್ಲ. ಆ ಖಾಲಿ ಜಾಗವೇ ನಮಗೆ ಕೇಳಿಸುವ ಟಪ್.

ಊಟದ ಪಂಕ್ತಿಯಲ್ಲಿ ಸಾರು ಬಡಿಸುವವರನ್ನು ನೆನಪಿಸಿಕೊಳ್ಳಿ. ಕೈಯಲ್ಲಿ ಸಣ್ಣ ಪಾತ್ರೆಯಿದ್ದರೆ ಬೇಗ ತುಂಬಿಸಿಕೊಂಡು ಬೇಗ ಪಂಕ್ತಿಗೆ ಬರಬಹುದು, ಆದರೆ ನಾಲ್ಕು ಎಲೆಗೊಮ್ಮೆ ಅಡುಗೆಮನೆಗೆ ಓಡಬೇಕು. ಅಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ ಇಲ್ಲಿ ಎಲೆಯಲ್ಲಿ ಬರೀ ಅನ್ನ. ದೊಡ್ಡ ಕೊಳಗ ಹಿಡಿದರೆ ಈ ಓಡಾಟ ತಪ್ಪುತ್ತದೆ, ಆದರೆ ಅದು ತುಂಬುವವರೆಗೆ ಪಂಕ್ತಿ ಕಾಯಬೇಕು. ಬಫರ್ ಆ ಪಾತ್ರೆಯ ಅಳತೆ, ಕಾಯುವ ಹೊತ್ತೇ ಲೇಟೆನ್ಸಿ.

ಹಾಗಾಗಿ ಮೊದಲ ಕೆಲಸ ಬಫರನ್ನು 1024ಕ್ಕೆ ಏರಿಸಿ ಕೇಳುವುದು. ರೀಪರ್ ಎಂಬ ಮುದ್ರಣ ತಂತ್ರಾಂಶದಲ್ಲಿ ಪ್ರಿಫರೆನ್ಸಸ್ ಒಳಗೆ ಆಡಿಯೊ, ಅದರೊಳಗೆ ಡಿವೈಸ್. ಬೇರೆ ತಂತ್ರಾಂಶಗಳಲ್ಲೂ ಆಡಿಯೊ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. 48,000ರಲ್ಲಿ 1024 ಎಂದರೆ 21 ಮಿಲಿಸೆಕೆಂಡು. ಬರೀ ಕೇಳುವುದಕ್ಕೆ, ಮಿಕ್ಸ್ ಮಾಡುವುದಕ್ಕೆ ಇದರಿಂದ ತೊಂದರೆಯೇನಿಲ್ಲ. ಟಪ್ ನಿಂತಿತೋ, ಅರ್ಧ ಕೆಲಸ ಮುಗಿಯಿತು.

ಹಾಡಿ ಮುದ್ರಿಸುವಾಗ ಮಾತ್ರ ಇದು ಬೇರೆ. ನಿಮ್ಮ ದನಿ ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಬರುವಾಗ ಒಳಹೋಗುವ ಬಫರು, ಹೊರಬರುವ ಬಫರು ಎರಡೂ ಲೆಕ್ಕಕ್ಕೆ ಬರುತ್ತವೆ. 256 ಇಟ್ಟರೆ ಎರಡೂ ಸೇರಿ ಸುಮಾರು 10.7 ಮಿಲಿಸೆಕೆಂಡು, ಮೇಲೆ ಸಾಧನದ್ದೇ ಸ್ವಲ್ಪ. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಸಾಗುತ್ತದೆ. ಅಂದರೆ ಚಂಡೆಯವರು ನಿಮ್ಮಿಂದ ಮೂರೂವರೆ ಮೀಟರ್ ದೂರ ಕೂತಷ್ಟೇ ವ್ಯತ್ಯಾಸ. ರಂಗಸ್ಥಳದಲ್ಲಿ ಹಾಡಿದವರಿಗೆ ಇದು ಕಷ್ಟವಲ್ಲ. 1024 ಇಟ್ಟುಕೊಂಡು ನಿಮ್ಮದೇ ದನಿ ಕೇಳುತ್ತ ಹಾಡಲು ಹೋದರೆ ಮಾತ್ರ ತಾಳ ಜಾರುತ್ತದೆ. ನಿಮ್ಮ ಮೈಕು ಅಥವಾ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದರೆ ಅದನ್ನು ಬಳಸಿ. ಆಗ ದನಿ ಕಂಪ್ಯೂಟರಿಗೆ ಸುತ್ತುಹಾಕದೆ ನೇರ ಕಿವಿಗೆ ಬರುತ್ತದೆ. ತಂತ್ರಾಂಶದೊಳಗಿನ ಮಾನಿಟರಿಂಗನ್ನು ಆಗ ಬಂದ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡಾಗಿ ಕೇಳಿಸುತ್ತದೆ. ಮನೆಯಲ್ಲಿ ಹಾಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡ, ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿನ ಮೇಲೆಯೇ.

ವಿಂಡೋಸ್‌ನವರು ಡ್ರೈವರನ್ನೂ, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶವನ್ನೂ ನೋಡಿಕೊಳ್ಳಿ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಎಎಸ್‌ಐಒ ಎಂಬ ಪದ್ಧತಿ ವಿಂಡೋಸ್‌ನ ಮಿಕ್ಸರನ್ನು ದಾಟಿ ಸೀದಾ ಸಾಧನದ ಜೊತೆ ಮಾತಾಡುತ್ತದೆ. ಇಂಟರ್‌ಫೇಸ್ ಇದ್ದವರು ಅದನ್ನು ತಯಾರಿಸಿದ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಇಲ್ಲದವರು ವಿಂಡೋಸ್‌ನದೇ ಆದ ವಾಸಾಪಿ ಆರಿಸಿ ನೋಡಿ. ಎಎಸ್‌ಐಒ ಫಾರ್ ಆಲ್ ಎಂಬ ಉಚಿತ ತಂತ್ರಾಂಶವೂ ಇದೆ, ಅದು ವಿಂಡೋಸ್‌ನ ಡ್ರೈವರಿನ ಮೇಲೆಯೇ ಕೂರುವ ಸೇತುವೆ. ಮ್ಯಾಕ್‌ನವರಿಗೆ ಅದರಲ್ಲೇ ಕೋರ್ ಆಡಿಯೊ ಎಂಬ ವ್ಯವಸ್ಥೆ ಇರುವುದರಿಂದ ಈ ತಲೆಬಿಸಿ ಇಲ್ಲ.

ಅವಳ ‘ಟಪ್’ ಎಲ್ಲಿಂದ ಬಂತು

ಅವಳ ಫೈಲನ್ನು ಮೊಬೈಲಿಗೆ ಹಾಕಿ ಕೇಳಿದೆವು. ಅದೇ ಜಾಗದಲ್ಲಿ ಟಪ್. ಅಂದರೆ ಮುದ್ರಿಸುವಾಗಲೇ ಬಿದ್ದದ್ದು. ಸ್ಟಾಪ್‌ವಾಚ್ ಹಿಡಿದು ಕೂತೆ. ಒಂದು ಟಪ್ಪಿಗೂ ಮುಂದಿನದಕ್ಕೂ ಸುಮಾರು ಒಂದೂಮುಕ್ಕಾಲು ನಿಮಿಷ. ಮುಂದಿನದೂ ಅಷ್ಟೇ, ಅದರ ಮುಂದಿನದೂ ಅಷ್ಟೇ.

ಅವಳು ಹಾಡುತ್ತಿದ್ದುದು ಯುಎಸ್‌ಬಿ ಮೈಕಿನಲ್ಲಿ, ಕೇಳುತ್ತಿದ್ದುದು ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಲ್ಲಿ. ಎರಡನ್ನೂ ಎಎಸ್‌ಐಒ ಫಾರ್ ಆಲ್ ಒಳಗೆ ಒಟ್ಟಿಗೆ ಸೇರಿಸಿದ್ದಳು. ಮೈಕಿನೊಳಗೆ ಒಂದು ಹರಳಿನ ಗಡಿಯಾರ ಇದೆ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಎರಡೂ ತಾವು ಸೆಕೆಂಡಿಗೆ 48,000 ಎಣಿಸುತ್ತೇವೆ ಎನ್ನುತ್ತವೆ, ಆದರೆ ಎರಡು ಗಡಿಯಾರ ಕೂದಲೆಳೆಯಷ್ಟೂ ತಪ್ಪದೆ ಒಟ್ಟಿಗೆ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ಸೆಕೆಂಡಿಗೆ 2.4 ಚುಕ್ಕಿ ಹಿಂದೆ ಮುಂದೆ ಆಗುತ್ತದೆ. 256 ಚುಕ್ಕಿಯ ಒಂದು ಬಫರು ಪೂರಾ ಹೆಚ್ಚುಕಮ್ಮಿಯಾಗಲು 107 ಸೆಕೆಂಡು ಸಾಕು. ಸರಿಸುಮಾರು ನಮ್ಮ ಒಂದೂಮುಕ್ಕಾಲು ನಿಮಿಷ! ಆ ಹೊತ್ತಿಗೆ ಒಂದು ಕಂತು ಕಳೆದುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ, ಪದ್ಯದ ನಡುವೆ ಟಪ್ ಎನ್ನುತ್ತದೆ.

ಮೈಕನ್ನು ತಿರುಗಿಸಿ ನೋಡಿದರೆ ಅದರ ಕೆಳಗೇ ಒಂದು ಹೆಡ್‌ಫೋನ್ ತೂತಿತ್ತು. ಅವಳು ಗಮನಿಸಿರಲಿಲ್ಲ. ಹೆಡ್‌ಫೋನನ್ನು ಅದಕ್ಕೆ ಚುಚ್ಚಿ, ತಂತ್ರಾಂಶದಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಮೈಕನ್ನೇ ಆರಿಸಿದೆವು. ಈಗ ಗಡಿಯಾರ ಒಂದೇ. ಹತ್ತು ನಿಮಿಷ ಬಿಡದೆ ಹಾಡಿಸಿದೆ, ಒಂದೂ ಟಪ್ ಇಲ್ಲ.

ನಿಮ್ಮ ಮೈಕಿನಲ್ಲಿ ಹೆಡ್‌ಫೋನ್ ತೂತಿಲ್ಲದಿದ್ದರೆ, ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್‌ಗೆ ಹೋಗಿ ಎರಡು ಸಾಧನಗಳ ಅಗ್ರಿಗೇಟ್ ಡಿವೈಸ್ ಮಾಡಿ, ಎರಡನೆಯದಕ್ಕೆ ಡ್ರಿಫ್ಟ್ ಕರೆಕ್ಷನ್ ಟಿಕ್ ಹಾಕಿ. ವಿಂಡೋಸ್‌ನಲ್ಲಿ ನನ್ನ ಸಲಹೆ ಒಂದೇ ಇಂಟರ್‌ಫೇಸಿಗೆ ಬರುವುದು. ದುಡ್ಡು ಹಾಕಲೇಬೇಕಾದ ಸಂದರ್ಭ ಇದೊಂದು.

ಸ್ಯಾಂಪಲ್ ರೇಟ್ ಎಲ್ಲ ಕಡೆ ಒಂದೇ ಇರಲಿ

ಪ್ರಾಜೆಕ್ಟಿನಲ್ಲಿ 44,100 ಇಟ್ಟು, ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ 48,000 ಇದ್ದರೆ ನಡುವೆ ಯಾರಾದರೂ ಪರಿವರ್ತಿಸುತ್ತ ಕೂರಬೇಕು, ಕೆಲವು ಸಲ ಅದೇ ಕರಕರ ಎನ್ನುತ್ತದೆ. ಕಂಟ್ರೋಲ್ ಪ್ಯಾನಲ್‌ನ ಸೌಂಡ್ ತೆರೆದು, ಪ್ಲೇಬ್ಯಾಕ್ ಮತ್ತು ರೆಕಾರ್ಡಿಂಗ್ ಎರಡೂ ಕಡೆ ನಿಮ್ಮ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್‌ನಲ್ಲಿ ಡಿಫಾಲ್ಟ್ ಫಾರ್ಮ್ಯಾಟನ್ನು ಪ್ರಾಜೆಕ್ಟಿನಲ್ಲಿರುವ ಅಂಕಿಗೇ ತನ್ನಿ. ಎನ್‌ಹಾನ್ಸ್‌ಮೆಂಟ್ಸ್ ಅಲ್ಲೇ ಕಂಡರೆ ಬಂದ್ ಮಾಡಿ.

44,100ರಲ್ಲಿ ಮುದ್ರಿಸಿದ ಪದ್ಯವನ್ನು ತಂತ್ರಾಂಶ 48,000 ಎಂದು ತಪ್ಪು ತಿಳಿದು ನುಡಿಸಿದರೆ ಟಪ್ ಬರದೇ ಇರಬಹುದು, ಆದರೆ ಓಟ ಹೆಚ್ಚಾಗಿ ಶ್ರುತಿಯೇ ಏರಿಬಿಡುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದರಲ್ಲಿ ಹಾಡಿದ್ದು ಕಪ್ಪು ನಾಲ್ಕನ್ನೂ ದಾಟಿ, ಅದಕ್ಕೂ ಬಿಳಿ ಆರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಗೆಳೆಯರಿಂದ ಮದ್ದಳೆ ತರಿಸಿಕೊಳ್ಳುವಾಗ ಯಾವ ರೇಟಿನಲ್ಲಿ ಮುದ್ರಿಸಬೇಕು ಎಂದು ಮೊದಲೇ ಹೇಳಿಬಿಡಿ.

ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತವರು

ಕಾರವಾರದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯರೊಬ್ಬರದು ಬೇರೆಯೇ ತೊಂದರೆ. ಬಫರ್ 1024 ಇಟ್ಟರೂ ಹೊತ್ತುಗೊತ್ತಿಲ್ಲದೆ ಟಪ್. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಬಳಕೆ ನೂರಕ್ಕೆ 30 ಕೂಡ ಇಲ್ಲ. “ಅಷ್ಟು ಖಾಲಿ ಇದ್ಯಲ್ಲ, ಮತ್ಯಾಕೆ?” ಎಂದು ಅವರ ಪ್ರಶ್ನೆ. ಆ ಅಂಕಿ ಸರಾಸರಿ. ಸಂಗೀತಕ್ಕೆ ಸರಾಸರಿಯಿಂದ ಉಪಯೋಗವಿಲ್ಲ, ಪ್ರತಿಯೊಂದು ಕಂತೂ ಹೊತ್ತಿಗೆ ಸರಿಯಾಗಿ ಬರಬೇಕು. ದಿನವಿಡೀ ಖಾಲಿ ಇರುವ ರಸ್ತೆಯಲ್ಲೂ ನೀವು ಹೊರಟ ಹೊತ್ತಿಗೇ ಒಂದು ಲಾರಿ ಅಡ್ಡ ನಿಂತರೆ ಬಸ್ಸು ತಪ್ಪುತ್ತದೆಯಲ್ಲ, ಹಾಗೆ.

ಆ ಲಾರಿ ಹೆಚ್ಚಾಗಿ ಬೇರೆ ಯಾವುದೋ ಯಂತ್ರಾಂಶದ ಡ್ರೈವರು. ಕಂಡುಹಿಡಿಯಲು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಇದೆ, ಮನೆಬಳಕೆಗೆ ಉಚಿತ. ಅದನ್ನು ಶುರುಮಾಡಿ ಹತ್ತು ನಿಮಿಷ ಬಿಡಿ, ಆಮೇಲೆ ಡ್ರೈವರ್ಸ್ ಪಟ್ಟಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಯಾವುದು ನೋಡಿ. ಎನ್‌ಡಿಐಎಸ್ ಅಥವಾ ಟಿಸಿಪಿಐಪಿ ಎಂದು ಶುರುವಾಗುವ ಹೆಸರು ಮೇಲಿದ್ದರೆ ವೈಫೈ, ನೆಟ್‌ವರ್ಕಿನ ಕಡೆ ನೋಡಿ. ಎನ್‌ವಿಎಲ್‌ಡಿಡಿಎಂಕೆಎಂ ಎಂದಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್. ಎಸಿಪಿಐ ಎಂದಿದ್ದರೆ ಬ್ಯಾಟರಿ, ವಿದ್ಯುತ್ ನಿರ್ವಹಣೆ. ಗೆಳೆಯರದು ವೈಫೈ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರನ್ನು ಡಿಸೇಬಲ್ ಮಾಡಿದ ಕೂಡಲೇ ಸದ್ದು ನಿಂತಿತು. ಮರುದಿನ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಹೊಸ ವೈಫೈ ಡ್ರೈವರ್ ಹಾಕಿದ ಮೇಲೆ ವೈಫೈ ಇದ್ದರೂ ಬರಲಿಲ್ಲ. ಆದರೂ ಮುದ್ರಿಸುವಾಗ ವೈಫೈ, ಬ್ಲೂಟೂತ್ ಬಂದ್ ಮಾಡುವುದು ಒಳ್ಳೆಯ ರೂಢಿ. ಒನ್‌ಡ್ರೈವ್‌ನಂಥ ಸಿಂಕ್‌ಗಳನ್ನೂ ಆ ಹೊತ್ತಿಗೆ ನಿಲ್ಲಿಸಿ.

ವಿದ್ಯುತ್ ಉಳಿಸುವ ಸೆಟ್ಟಿಂಗೂ ಇದೇ ಜಾತಿಯದು. ಕೆಲಸ ಕಮ್ಮಿ ಎನಿಸಿದ ಕೂಡಲೇ ಪ್ರೊಸೆಸರು ವೇಗ ಇಳಿಸುತ್ತದೆ, ಮುಂದಿನ ಕಂತಿನ ಹೊತ್ತಿಗೆ ಏರಲು ತಡಮಾಡುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಕಾಣದಿದ್ದರೆ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಇಡಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದು ಕಂಡರೆ ಡಿಸೇಬಲ್ ಮಾಡಿ. ಮೈಕು, ಇಂಟರ್‌ಫೇಸುಗಳನ್ನು ಹಬ್‌ಗೆ ಚುಚ್ಚದೆ ನೇರ ಲ್ಯಾಪ್‌ಟಾಪಿಗೇ ಚುಚ್ಚಿ.

ಲ್ಯಾಪ್‌ಟಾಪ್ ಬಿಸಿಯಾದರೂ ಪ್ರೊಸೆಸರು ತಾನಾಗಿಯೇ ನಿಧಾನವಾಗುತ್ತದೆ. ಮಳೆಗಾಲದಲ್ಲಿ ತಣ್ಣಗಿದೆಯೆಂದು ಕಂಬಳಿಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡು ಕೂತರೆ ಗಾಳಿ ಹೋಗುವ ಕಿಂಡಿ ಮುಚ್ಚುತ್ತದೆ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಟಪ್ ಶುರುವಾದರೆ ಅಡಿಗೆ ಕೈಯಿಟ್ಟು ನೋಡಿ. ಎರಡು ಮರದ ತುಂಡು ಕೊಟ್ಟು ಎತ್ತರಿಸಿದರೂ ಸಾಕಾಗುತ್ತದೆ.

ಪ್ರಾಜೆಕ್ಟೇ ಭಾರವಾದಾಗ

ಹೆಚ್ಚಿನ ತಂತ್ರಾಂಶಗಳಲ್ಲಿ ಒಂದು ಟ್ರ್ಯಾಕಿನ ಪ್ಲಗಿನ್ನುಗಳ ಸಾಲು ಪ್ರೊಸೆಸರಿನ ಒಂದೇ ಕೋರಿನ ಮೇಲೆ ಕೂರುತ್ತದೆ, ಏಕೆಂದರೆ ಮೊದಲ ಪ್ಲಗಿನ್ ಮುಗಿಸದೆ ಎರಡನೆಯದು ಶುರುಮಾಡುವ ಹಾಗಿಲ್ಲ. ಭಾಗವತಿಕೆಯ ಒಂದೇ ಟ್ರ್ಯಾಕಿಗೆ ನಾಯ್ಸ್ ರಿಡಕ್ಷನ್, ಈಕ್ಯು, ಕಂಪ್ರೆಸರ್, ದೇವಸ್ಥಾನದ ಪೌಳಿಯಂಥ ದೊಡ್ಡ ರಿವರ್ಬ್ ಎಲ್ಲ ಹಾಕಿದರೆ ಉಳಿದ ಕೋರುಗಳು ಖಾಲಿ ಕೂತರೂ ಆ ಒಂದು ಕೋರು ತಡಮಾಡುತ್ತದೆ. ಪ್ಲಗಿನ್ನುಗಳನ್ನು ಒಂದೊಂದಾಗಿ ಬೈಪಾಸ್ (ತಾತ್ಕಾಲಿಕವಾಗಿ ಬಂದ್) ಮಾಡುತ್ತ ಹೋಗಿ, ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೆ ನೋಡಿ. ರಿವರ್ಬನ್ನು ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ಹಾಕಬೇಡಿ. ಒಂದು ಕಡೆ ಹಾಕಿ ಎಲ್ಲ ಟ್ರ್ಯಾಕಿನಿಂದ ಅಲ್ಲಿಗೆ ಸೆಂಡ್ ಕೊಡಿ, ಅಂದರೆ ದನಿಯ ಒಂದು ಪಾಲು ಕಳಿಸಿ. ಭಾರ ಇಳಿಯುತ್ತದೆ, ಜೊತೆಗೆ ಹಿಮ್ಮೇಳವೆಲ್ಲ ಒಂದೇ ಜಾಗದಲ್ಲಿ ಕೂತು ನುಡಿಸಿದ ಹಾಗೆಯೂ ಕೇಳಿಸುತ್ತದೆ. ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿ (ಪ್ಲಗಿನ್ನುಗಳ ಲೆಕ್ಕ ಮುಗಿಸಿ ಸಿದ್ಧ ದನಿಯಾಗಿ ಇಟ್ಟುಕೊಳ್ಳುವುದು), ಬೇಕೆಂದಾಗ ಬಿಡಿಸಿಕೊಳ್ಳಬಹುದು.

ಡಿಸ್ಕಿನ ವಿಷಯದಲ್ಲಿ ಅಗತ್ಯಕ್ಕಿಂತ ಹೆಚ್ಚು ಚಿಂತೆ ಬೇಡ. 24 ಬಿಟ್, 48,000ರ ಒಂದು ಮೊನೊ ಟ್ರ್ಯಾಕು ಸೆಕೆಂಡಿಗೆ 144 ಕಿಲೋಬೈಟ್ ಮಾತ್ರ. 24 ಟ್ರ್ಯಾಕಾದರೂ ಮೂರೂವರೆ ಮೆಗಾಬೈಟ್. ದೊಡ್ಡ ಸ್ಯಾಂಪಲ್ ಲೈಬ್ರರಿಗಳನ್ನು ಹಳೆಯ ತಿರುಗುವ ಹಾರ್ಡ್ ಡಿಸ್ಕಿನಿಂದಲೋ ಪೆನ್‌ಡ್ರೈವಿನಿಂದಲೋ ನುಡಿಸುತ್ತಿದ್ದರೆ ಮಾತ್ರ ಅವನ್ನು ಎಸ್‌ಎಸ್‌ಡಿಗೆ ವರ್ಗಾಯಿಸಿ.

ಉಪ್ಪುಗಾಳಿ, ಶೀತ, ಕರೆಂಟು

ಕಾರವಾರ, ಕುಮಟಾ, ಹೊನ್ನಾವರದ ಕಡಲ ಬದಿಯ ಮನೆಗಳಲ್ಲಿ ಗಾಳಿಯ ಉಪ್ಪು ಜ್ಯಾಕುಗಳ ಲೋಹಕ್ಕೆ ಅಂಟುತ್ತದೆ. ಘಟ್ಟದ ಮೇಲೆ ನಮ್ಮಲ್ಲಿ ಮಳೆಗಾಲದ ಶೀತ ಅದೇ ಕೆಲಸ ಮಾಡುತ್ತದೆ. ತಂತಿ ಅಲುಗಿದಾಗ ಕರಕರ ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಪ್ಲಗ್ಗನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಗುಂಯ್ ಎನ್ನುವ ಸದ್ದಿಗೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಕರೆಂಟಿನ ಕಡೆ, ಬಹುಮಟ್ಟಿಗೆ ಅರ್ಥಿಂಗಿನದು. ಎಲ್ಲ ಸಾಧನಗಳನ್ನೂ ಅರ್ಥ್ ಸರಿಯಿರುವ ಒಂದೇ ಸಾಕೆಟ್ಟಿನಿಂದ ಎಳೆದುಕೊಳ್ಳಿ. ಸದ್ದು ಹೋಗುತ್ತದೆಂದು ಮೂರು ಪಿನ್ನಿನಲ್ಲಿ ಅರ್ಥ್ ಪಿನ್ನನ್ನು ಯಾರಾದರೂ ಮುರಿಯಲು ಹೇಳಿದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಸದ್ದು ಬಂದರೆ ಆಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುದ್ರಿಸಿ. ಸಿಡಿಲು ಗುಡುಗಿದ್ದರೆ ಎಲ್ಲ ತಂತಿಗಳನ್ನೂ ಕಿತ್ತಿಟ್ಟು, ಅಂದಿನ ಅಭ್ಯಾಸವನ್ನು ಬರೀ ತಾಳದಲ್ಲಿ ಮಾಡಿ.

ಫೈಲಿನಲ್ಲೇ ಕೂತದ್ದಕ್ಕೆ

ಅವಳು ಆಗಲೇ ಮುದ್ರಿಸಿದ್ದ ಹನ್ನೊಂದು ಪದ್ಯಗಳಲ್ಲಿ ಟಪ್ ಹಾಗೇ ಉಳಿದಿತ್ತು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಟಪ್ ಬರುವ ಜಾಗವನ್ನು ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವವರೆಗೆ ದೊಡ್ಡದು ಮಾಡಿದೆವು. ನಯವಾದ ಅಲೆಯ ನಡುವೆ ಒಂದು ಕಡೆ ಕತ್ತಿಯಿಂದ ಕಡಿದ ಹಾಗೆ ನೆಟ್ಟಗೆ ಮೇಲೆದ್ದ ಗೆರೆ. ಅದರ ಎರಡೂ ಬದಿ ಸ್ವಲ್ಪ ಸೇರಿಸಿ ಆಯ್ದುಕೊಂಡು ಎಫೆಕ್ಟ್‌ನಲ್ಲಿರುವ ರಿಪೇರ್ ಕೊಟ್ಟರೆ ಆಚೀಚಿನ ಅಲೆ ನೋಡಿ ನಡುವಿನದನ್ನು ತುಂಬುತ್ತದೆ. ಒಂದು ಸಲಕ್ಕೆ 128 ಚುಕ್ಕಿಗಿಂತ ಹೆಚ್ಚು ಆಯ್ದರೆ ಅದು ಕೆಲಸ ಮಾಡುವುದಿಲ್ಲ. ಶುರುಮಾಡುವ ಮುಂಚೆ ಮೂಲ ಫೈಲಿನ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳಿ.

ಎರಡು ತುಂಡು ಜೋಡಿಸಿದಲ್ಲಿ ಟಪ್ ಎಂದರೆ ಕತ್ತರಿಸಿದ ಕಡೆ ಅಲೆ ಸೊನ್ನೆಯಲ್ಲಿರಲಿಲ್ಲ ಎಂದರ್ಥ. ಐದರಿಂದ ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತ ಇನ್ನೊಂದು ಏರುವುದು) ಕೊಡಿ, ಹೋಗುತ್ತದೆ. ಚಂಡೆ ಒಡೆದದ್ದಕ್ಕೆ ಮಾತ್ರ ಒಳ್ಳೆಯ ಮದ್ದಿಲ್ಲ. ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗಿದ್ದರೆ ಅಲ್ಲಿದ್ದ ಪೆಟ್ಟು ಹೋದದ್ದೇ. ಮತ್ತೆ ನುಡಿಸಿ. 24 ಬಿಟ್‌ನಲ್ಲಿ, ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗೆ ನಿಲ್ಲುವಂತೆ ಗೇನ್ (ಮುದ್ರಣದ ಮಟ್ಟ) ಇಳಿಸಿಟ್ಟುಕೊಳ್ಳಿ. ಪರೀಕ್ಷೆಗೆ ಮೆಲ್ಲಗೆ ಬಾರಿಸಿ ಮಟ್ಟ ಇಟ್ಟರೆ ಆಗುವುದಿಲ್ಲ. ಯುದ್ಧದ ಪದ್ಯದ ಉರುಳಿಕೆಯನ್ನೇ ಒಂದು ಸಲ ಪೂರ್ತಿ ಬಲದಲ್ಲಿ ಬಾರಿಸಲು ಹೇಳಿ, ಅದನ್ನು ನೋಡಿ ಗೇನ್ ಕೂರಿಸಿ, ಆಮೇಲೆ ಮುದ್ರಣದ ಗುಂಡಿ ಒತ್ತಿ.